ಬೆಳಕು ಕಮ್ಮಿ, ಓಟ ಜಾಸ್ತಿ: ಒಳಾಂಗಣ ಆಟದ ಫೋಟೋ ತೆಗೆಯುವ ಬಗೆ

ಪ್ರಕಾಶ್ ಪಡುಕೋಣೆ ಹುಡುಗನಾಗಿದ್ದಾಗ ಬ್ಯಾಡ್ಮಿಂಟನ್ ಆಡುತ್ತಿದ್ದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್. ಮದುವೆ ಇದ್ದ ದಿನ ಆಟ ಇಲ್ಲ, ಮದುವೆ ಇಲ್ಲದ ದಿನ ಆಟ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದು ಬಂದರು.

ಫೋಟೋ ತೆಗೆಯುವ ನನಗೆ ಈ ಕಥೆಯಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಒಂದೇ ಹಾಲ್, ಅದೇ ಗೋಡೆ, ಅದೇ ದೀಪ. ಮದುವೆ ದಿನ ಫೋಟೋಗ್ರಾಫರ್ "ಒಂದ್ನಿಮಿಷ, ಇಲ್ಲಿ ನೋಡಿ" ಅನ್ನುತ್ತಾನೆ. ಹುಡುಗ, ಹುಡುಗಿ, ನೆಂಟರು ಎಲ್ಲರೂ ನಿಲ್ಲುತ್ತಾರೆ. ಫ್ಲ್ಯಾಶ್ ಹೊಡೆಯುತ್ತದೆ. ಫೋಟೋ ಸಿಗುತ್ತದೆ. ಆಟದ ದಿನ ಯಾರೂ ನಿಲ್ಲುವುದಿಲ್ಲ, ಫ್ಲ್ಯಾಶ್ ಹೊಡೆಯುವ ಹಾಗೂ ಇಲ್ಲ. ಇರುವ ಬೆಳಕಿನಲ್ಲೇ, ಓಡುವವರನ್ನು ಓಡುತ್ತಿರುವಾಗಲೇ ಹಿಡಿಯಬೇಕು. ಒಳಾಂಗಣ ಆಟದ ಫೋಟೋ ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಉತ್ತರ ಈ ಎರಡು ವಾಕ್ಯದಲ್ಲೇ ಇದೆ.

ನಾನು ಇದರ ಹಿಂದೆ ಬಿದ್ದದ್ದು ಅಕ್ಕನ ಮಗಳ ದೆಸೆಯಿಂದ. ಅವಳ ಮೊದಲ ಅಂತರ ಶಾಲಾ ಪಂದ್ಯ ಶೀಟ್ ಹಾಕಿದ ಒಂದು ಹಾಲ್‌ನಲ್ಲಿ ನಡೆಯಿತು. ಒಳ್ಳೆಯ ಕ್ಯಾಮೆರಾ ಇತ್ತು, ಜೊತೆಗೇ ಬಂದಿದ್ದ ಲೆನ್ಸ್ ಇತ್ತು, ಡಯಲ್ ಆಟೋ ಮೇಲಿತ್ತು. ಸುಮಾರು 300 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಗೋಡೆ ಸ್ಪಷ್ಟ, ನೆಟ್ ಸ್ಪಷ್ಟ, ಅಂಪೈರ್ ಕುರ್ಚಿ ಸ್ಪಷ್ಟ. ಮಗು ಮಾತ್ರ ಹೊಗೆಯ ಹಾಗೆ. ಅವಳು ಪಕ್ಕದಲ್ಲೇ ಕೂತು ಒಂದೊಂದೇ ನೋಡುತ್ತಿದ್ದಳು. "ನಾನು ಎಲ್ಲಿದ್ದೀನಿ ಮಾಮ?" ಅಂತ ಕೇಳಿದಳು. ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಆಮೇಲೆ ಎಷ್ಟೋ ವಾರಾಂತ್ಯ ಹಾಲ್‌ಗಳಲ್ಲಿ ಕಳೆದಿದ್ದೇನೆ. ಕಲಿತದ್ದನ್ನು ಒಂದೇ ಮಾತಲ್ಲಿ ಹೇಳಬೇಕಂದರೆ, ಹಾಲ್‌ನೊಳಗೆ ಬೆಳಕು ಅನ್ನುವುದು ತಿಂಗಳ ಸಂಬಳದ ಹಾಗೆ. ಇರುವುದೇ ಇಷ್ಟು. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬಿಗಿ ಹಿಡಿಯಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ಆಟೋ ಮೋಡ್‌ಗೆ ಬಿಟ್ಟರೆ ಕ್ಯಾಮೆರಾ ತನಗೆ ತೋಚಿದ ಕಡೆ ಖರ್ಚು ಮಾಡಿಬಿಡುತ್ತದೆ.

ಕಣ್ಣಿಗೆ ಕಾಣುವ ಬೆಳಕೇ ಬೇರೆ

"ಹಾಲ್‌ನಲ್ಲಿ ಅಷ್ಟೊಂದು ಲೈಟ್ ಇತ್ತಲ್ಲ, ಫೋಟೋ ಯಾಕೆ ಕಪ್ಪಾಯ್ತು?" ಎಲ್ಲರೂ ಕೇಳುವ ಪ್ರಶ್ನೆ ಇದು. ನಮ್ಮ ಕಣ್ಣು ಬಹಳ ಬೇಗ ಹೊಂದಿಕೊಳ್ಳುತ್ತದೆ. ಬಿಸಿಲಿನಿಂದ ಒಳಗೆ ಬಂದಾಗ ಒಂದು ಕ್ಷಣ ಕತ್ತಲೆ ಅನ್ನಿಸುತ್ತದೆ. ಸ್ವಲ್ಪ ಹೊತ್ತಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಹಾಗಾಗಿ ಬೆಳಕು ಎಷ್ಟು ಕಮ್ಮಿಯಾಯಿತು ಅಂತ ನಮಗೆ ಗೊತ್ತೇ ಆಗುವುದಿಲ್ಲ.

ಅಳತೆ ಬೇರೆಯೇ ಹೇಳುತ್ತದೆ. ನಡು ಮಧ್ಯಾಹ್ನದ ನೇರ ಬಿಸಿಲು ಹೆಚ್ಚುಕಮ್ಮಿ 1 ಲಕ್ಷ ಲಕ್ಸ್. ಸಾಧಾರಣ ಶಟಲ್ ಹಾಲ್‌ನಲ್ಲಿ ನಿಮಗೆ ಸಿಗುವುದು ಕೆಲವು ನೂರು ಲಕ್ಸ್. 500 ಅಂತಲೇ ಇಟ್ಟುಕೊಳ್ಳಿ. ಹೊರಗಿನ 200 ಪಾಲಿನಲ್ಲಿ ಒಂದು ಪಾಲು ಅಷ್ಟೇ. ಬಿಸಿಲಿನ ಮೈದಾನದಲ್ಲಿ ಕ್ರಿಕೆಟ್ ತೆಗೆದ ಅದೇ ಸೆಟ್ಟಿಂಗ್ ಇಟ್ಟುಕೊಂಡು ಒಳಗೆ ಬಂದರೆ ಫೋಟೋ ಬಹುಪಾಲು ಕಪ್ಪು.

ಟಿವಿಯಲ್ಲಿ ಬರುವ ಪಂದ್ಯಗಳ ಲೆಕ್ಕ ಬೇರೆ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿ ನಡೆದಾಗ ಟಿವಿ ಕ್ಯಾಮೆರಾಗಳಿಗಾಗಿಯೇ ಭಾರಿ ದೀಪ ಹಾಕಿರುತ್ತಾರೆ. ಅಲ್ಲಿನ ಫೋಟೋ ನೋಡಿ ನಮ್ಮ ಊರಿನ ಹಾಲ್‌ನಲ್ಲೂ ಹಾಗೇ ಬರಬೇಕು ಅಂದುಕೊಂಡರೆ ಬೇಸರವೇ ಗತಿ. ಹಳ್ಳಿ ಕಡೆ ರಾತ್ರಿ ನಡೆಯುವ ಹೊನಲು ಬೆಳಕಿನ ಕಬಡ್ಡಿ ಬಯಲಲ್ಲೇ ನಡೆದರೂ ಫೋಟೋ ಲೆಕ್ಕದಲ್ಲಿ ಒಳಾಂಗಣಕ್ಕೇ ಸೇರುತ್ತದೆ. ಎಷ್ಟೋ ಸಲ ಅಲ್ಲಿ ಬೆಳಕು ಇನ್ನೂ ಕಮ್ಮಿ. ಮುಂದೆ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ.

ಸಂಬಳ ಖರ್ಚಾಗುವ ಮೂರು ಕಡೆ

ಮೊದಲನೆಯದು ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬರಲು ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು. ಇಲ್ಲಿ ಜಿಪುಣತನ ಬೇಡ. ಒಂದು ಸಣ್ಣ ಲೆಕ್ಕ ನೋಡಿ. ಕೋರ್ಟ್‌ನಲ್ಲಿ ಅಡ್ಡ ಓಡುವ ಆಟಗಾರ್ತಿ ಸೆಕೆಂಡಿಗೆ 6 ಮೀಟರ್ ಹೋಗುತ್ತಾಳೆ ಅಂದುಕೊಳ್ಳಿ. ಶಟರ್ 1/125 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅವಳು ಸುಮಾರು 5 ಸೆಂಟಿಮೀಟರ್ ಸರಿದಿರುತ್ತಾಳೆ. ಮನುಷ್ಯನ ಮುಖದ ಅಗಲವೇ ಸುಮಾರು 15 ಸೆಂಟಿಮೀಟರ್. ಅಂದರೆ ಮೂರನೇ ಒಂದು ಭಾಗ ಮುಖ ಉಜ್ಜಿ ಹೋಯಿತು. ಅದೇ 1/500 ಇಟ್ಟರೆ ಸರಿಯುವುದು ಒಂದು ಸೆಂಟಿಮೀಟರ್ ಚಿಲ್ಲರೆ. ಕಣ್ಣು, ಹುಬ್ಬು ಗುರುತು ಸಿಗುತ್ತದೆ. ಕೈ, ಮಣಿಕಟ್ಟು ಮೈಗಿಂತ ಜೋರಾಗಿ ಓಡುವುದರಿಂದ ಅವು ನಿಲ್ಲಬೇಕಾದರೆ 1/800, 1/1000 ಬೇಕು.

ಕಾಕ್ ನಿಲ್ಲಿಸುವ ಆಸೆ ಮಾತ್ರ ಬಿಟ್ಟುಬಿಡಿ. ನಮ್ಮ ಬ್ಯಾಡ್ಮಿಂಟನ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಜಪಾನಿನಲ್ಲಿ ಹೊಡೆದ ದಾಖಲೆಯ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್. ಸೆಕೆಂಡಿಗೆ 157 ಮೀಟರ್ ಆಯಿತು. 1/1000 ಸೆಕೆಂಡಿನಲ್ಲೂ ಅದು 15 ಸೆಂಟಿಮೀಟರ್ ದಾಟಿರುತ್ತದೆ. ತನ್ನ ಉದ್ದಕ್ಕಿಂತ ಜಾಸ್ತಿ! ಹಾಗಂತ ಚಿಂತೆ ಬೇಡ. ಕಾಕ್‌ನ 16 ಗರಿ ಗಾಳಿಗೆ ಅಡ್ಡ ನಿಂತು ಅದನ್ನು ಬಹಳ ಬೇಗ ನಿಧಾನ ಮಾಡುತ್ತವೆ. ರಾಕೆಟ್ ಬಿಟ್ಟ ಕ್ಷಣದಲ್ಲಿ ಅದೊಂದು ಬಿಳಿ ಗೆರೆಯಾದರೆ ಆಗಲಿ. ಮುಖ ಸ್ಪಷ್ಟ ಇದ್ದರೆ ಆ ಗೆರೆ ಚೆಂದವೇ. ನೋಡುವವರಿಗೆ ಹೊಡೆತದ ಜೋರು ಗೊತ್ತಾಗುತ್ತದೆ.

ಎರಡನೆಯದು ಅಪರ್ಚರ್, ಅಂದರೆ ಲೆನ್ಸಿನ ಬಾಗಿಲು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. 50 ಎಂಎಂನ ಸಣ್ಣ ಲೆನ್ಸ್ ಎಫ್ 1.8ರವರೆಗೆ ತೆರೆಯುತ್ತದೆ. ಈ ಅಂಕಿ ಕಮ್ಮಿಯಾದಷ್ಟೂ ಬಾಗಿಲು ದೊಡ್ಡದು. 5.6ಕ್ಕೂ 1.8ಕ್ಕೂ ಇರುವ ವ್ಯತ್ಯಾಸ ಎರಡು ಪಟ್ಟೋ ಮೂರು ಪಟ್ಟೋ ಅಲ್ಲ, ಸುಮಾರು ಹತ್ತು ಪಟ್ಟು ಬೆಳಕು. ಬಾಗಿಲಿನ ಅಗಲ ಮೂರು ಪಟ್ಟಾದರೆ ಅದರ ಒಟ್ಟು ಜಾಗ ಒಂಬತ್ತು ಪಟ್ಟಾಗುತ್ತದಲ್ಲ, ಅದೇ ಲೆಕ್ಕ.

ಅದಕ್ಕೇ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಕ್ಯಾಮೆರಾ ಬದಲಾಯಿಸಬೇಡಿ, ಮೊದಲು ಒಂದು 50 ಅಥವಾ 85 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸ್ ಹಾಕಿ ಕೋರ್ಟ್ ಪಕ್ಕ ಕೂತರೆ ನೆಟ್ ಆಚೆ ಇರುವವರು ಫ್ರೇಮ್ ತುಂಬ ಬರುತ್ತಾರೆ. ಬ್ಯಾಡ್ಮಿಂಟನ್ ಕೋರ್ಟ್ ಉದ್ದವೇ 13.4 ಮೀಟರ್, ಬಹಳ ದೂರವೇನಲ್ಲ. 70-200 ಎಂಎಂ ಎಫ್ 2.8 ಲೆನ್ಸ್ ವೃತ್ತಿಪರರ ಕೈಯಲ್ಲಿ ಕಾಣುತ್ತದೆ. ಒಳ್ಳೆಯದೇ, ಆದರೆ ಭಾರ, ಬೆಲೆಯೂ ಭಾರ. ಅದು ಇಲ್ಲದೆ ಆಗುವುದೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ದೊಡ್ಡ ಬಾಗಿಲಿಗೂ ಒಂದು ಬೆಲೆ ಇದೆ. ಸ್ಪಷ್ಟವಾಗಿ ಕಾಣುವ ಆಳ ಕಮ್ಮಿಯಾಗುತ್ತದೆ. ಅದೇ ಕ್ಯಾಮೆರಾ, 85 ಎಂಎಂ, ಎಫ್ 1.8, 8 ಮೀಟರ್ ದೂರದ ಆಟಗಾರ್ತಿ ಅಂದರೆ ಹಿಂದೆ ಮುಂದೆ ಎಲ್ಲ ಸೇರಿ ಸುಮಾರು 60 ಸೆಂಟಿಮೀಟರ್ ಮಾತ್ರ ಸ್ಪಷ್ಟ. ಅವಳು ಒಂದು ಹೆಜ್ಜೆ ಮುಂದೆ ಇಟ್ಟರೆ ಮುಗಿಯಿತು. ಫೋಕಸ್ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವುದಕ್ಕೆ ಇದೇ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದು ಐಎಸ್‌ಒ, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಅಂಕಿ. ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. "ಐಎಸ್‌ಒ ಏರಿಸಿದರೆ ಫೋಟೋದಲ್ಲಿ ಕಾಳು ಕಾಳು ಬರುತ್ತೆ" ಅಂತ ಹೆದರಿ 400ರಲ್ಲೇ ನಿಲ್ಲಿಸುವವರಿದ್ದಾರೆ. ಆ ಕಾಳು, ಅಂದರೆ ನಾಯ್ಸ್, ಬಹುಪಾಲು ಬರುವುದು ಐಎಸ್‌ಒ ಅಂಕಿಯಿಂದಲ್ಲ, ಬೆಳಕು ಕಮ್ಮಿ ಇರುವುದರಿಂದ.

ಮಳೆ ಶುರುವಾಗುವಾಗ ಅಂಗಳದ ಕಲ್ಲುಚಪ್ಪಡಿ ನೋಡಿದ್ದೀರಲ್ಲ? ಮೊದಲ ಹನಿಗಳು ಬೀಳುವಾಗ ಒಂದು ಚಪ್ಪಡಿ ಮೇಲೆ ಮೂರು ಹನಿ, ಪಕ್ಕದ್ದರ ಮೇಲೆ ಒಂದೂ ಇಲ್ಲ, ಅದರಾಚೆ ಐದು. ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಜೋರು ಮಳೆ ಹತ್ತು ನಿಮಿಷ ಹೊಯ್ದ ಮೇಲೆ ಎಲ್ಲ ಚಪ್ಪಡಿಯೂ ಒಂದೇ ಸಮ ಒದ್ದೆ. ಬೆಳಕೂ ಹೀಗೇ ಹನಿ ಹನಿಯಾಗಿ ಬರುತ್ತದೆ. ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೊಂದು ಚಪ್ಪಡಿ. ಬೆಳಕು ಧಾರಾಳ ಇದ್ದರೆ ಎಲ್ಲ ಕಡೆ ಸಮ. ಕಮ್ಮಿ ಇದ್ದರೆ ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ. ಆ ಏರುಪೇರೇ ನಮಗೆ ಕಾಳಾಗಿ ಕಾಣುವುದು. ಐಎಸ್‌ಒ ಏರಿಸಿದಾಗ ಬಿದ್ದಷ್ಟು ಹನಿಯನ್ನು ದೊಡ್ಡದು ಮಾಡಿ ತೋರಿಸುತ್ತೀರಿ, ಅಷ್ಟೇ.

ಇದರಿಂದ ಒಂದು ಪಾಠ ಸಿಗುತ್ತದೆ. ಐಎಸ್‌ಒ ಕಮ್ಮಿ ಇಟ್ಟು ಕಪ್ಪು ಫೋಟೋ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿದರೆ ನಾಯ್ಸ್ ಕಮ್ಮಿಯಾಗುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೂ ಜಾಸ್ತಿ ಕಾಣುತ್ತದೆ. ಅಲ್ಲೇ 3200, 6400 ಇಟ್ಟು ಸರಿಯಾದ ಬೆಳಕಿಗೆ ತೆಗೆಯುವುದೇ ಮೇಲು. ಈಗಿನ ಕ್ಯಾಮೆರಾಗಳಲ್ಲಿ 6400 ಅಂದರೆ ಹೆದರುವ ಅಂಕಿಯೇ ಅಲ್ಲ. ನಾಯ್ಸ್ ಆಮೇಲೆ ಕಮ್ಮಿ ಮಾಡಬಹುದು, ಅದಕ್ಕೆ ಒಳ್ಳೆಯ ಸಾಫ್ಟ್‌ವೇರ್ ಬಂದಿವೆ. ಅಲ್ಲಾಡಿ ಉಜ್ಜಿ ಹೋದ ಮುಖವನ್ನು ಯಾರೂ ವಾಪಸ್ ತಂದುಕೊಡಲಾರರು.

ಹಾಗಾದರೆ ಹಾಲ್‌ಗೆ ಹೋದ ಕೂಡಲೇ ಏನಿಡಬೇಕು? ನಾನು ಮ್ಯಾನುವಲ್ ಮೋಡ್‌ನಲ್ಲಿ ಅಪರ್ಚರ್ ಎಫ್ 2, ಶಟರ್ 1/640, ಐಎಸ್‌ಒ 3200ರಿಂದ ಶುರು ಮಾಡುತ್ತೇನೆ. ವಾರ್ಮ್ ಅಪ್ ನಡೆಯುವಾಗ ನಾಲ್ಕು ಫೋಟೋ ತೆಗೆದು ಮುಖಗಳನ್ನು ದೊಡ್ಡದು ಮಾಡಿ ನೋಡುತ್ತೇನೆ. ಕಪ್ಪಾದರೆ ಐಎಸ್‌ಒ ಏರಿಸುತ್ತೇನೆ. ಒಮ್ಮೆ ಕೂತ ಮೇಲೆ ಮುಟ್ಟುವುದಿಲ್ಲ. ಹಾಲ್‌ನ ಬೆಳಕು ಹೊರಗಿನ ಹಾಗೆ ಮೋಡ ಬಂದು ಬದಲಾಗುವುದಿಲ್ಲವಲ್ಲ. ಕ್ಯಾಮೆರಾಗೆ ಬಿಟ್ಟರೆ ಬಿಳಿ ಜರ್ಸಿ ಬಂದಾಗ ಕಪ್ಪು ಮಾಡುತ್ತದೆ, ಹಿಂದಿನ ಕಡು ಬಣ್ಣದ ಗೋಡೆ ಕಂಡಾಗ ಮುಖ ಬಿಳಿಚಿಸುತ್ತದೆ.

ಫ್ಲ್ಯಾಶ್ ಬಗ್ಗೆ ಎರಡೇ ಮಾತು. ಸ್ಮ್ಯಾಶ್‌ಗೆ ತಲೆ ಎತ್ತಿದವರ ಕಣ್ಣಿಗೆ ಅದು ಹೊಡೆದರೆ ಕಾಕ್ ಕಾಣುವುದಿಲ್ಲ. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಜಿಮ್ನಾಸ್ಟಿಕ್ಸ್ ಯಾವುದರಲ್ಲೂ ಫ್ಲ್ಯಾಶ್ ಬೇಡವೇ ಬೇಡ. ಜಿಮ್ನಾಸ್ಟಿಕ್ಸ್‌ನಲ್ಲಂತೂ ಮಗು ಬೀಮ್ ಮೇಲಿಂದ ಬಿದ್ದೀತು.

ಒಂದು ಫೋಟೋ ಹಳದಿ, ಮುಂದಿನದು ಬಿಳಿ: ಯಾಕೆ?

ಎಲ್ಲ ಸೆಟ್ಟಿಂಗ್ ಸರಿ ಇಟ್ಟಿರುತ್ತೀರಿ. ಒಂದೇ ಸಮನೆ ಎಂಟು ಫೋಟೋ ತೆಗೆಯುತ್ತೀರಿ. ಮೊದಲನೆಯದು ಚೆನ್ನಾಗಿದೆ, ಎರಡನೆಯದು ಮಂಕು, ಮೂರನೆಯದರಲ್ಲಿ ಅರ್ಧ ಭಾಗ ಕಂದು, ನಾಲ್ಕನೆಯದು ಮತ್ತೆ ಚೆನ್ನಾಗಿದೆ. ಕ್ಯಾಮೆರಾ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರನ್ನು ನಾನು ಕಂಡಿದ್ದೇನೆ. ಕೆಟ್ಟಿರುವುದಿಲ್ಲ. ದೀಪ ಮಿನುಗುತ್ತಿರುತ್ತದೆ.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅತ್ತ ಇತ್ತ ಹರಿಯುತ್ತದೆ. ಒಂದೊಂದು ಸುತ್ತಿನಲ್ಲೂ ದೀಪ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹಾಗಾಗಿ ಹಳೇ ಚೋಕ್ ಇರುವ ಟ್ಯೂಬ್‌ಲೈಟು, ಹಾಲ್‌ಗಳ ಹಳೇ ಮೆಟಲ್ ಹ್ಯಾಲೈಡ್ ದೀಪ, ಅಗ್ಗದ ಎಲ್‌ಇಡಿ ಇವೆಲ್ಲ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. ಶಟರ್ 1/100 ಇಟ್ಟರೆ ಒಂದು ಪೂರ್ತಿ ಏರಿಳಿತ ಒಳಗೆ ಬರುತ್ತದೆ, ಹಾಗಾಗಿ ಎಲ್ಲ ಫೋಟೋ ಒಂದೇ ಸಮ. ಆದರೆ ನಾವು ಇಡುವುದು 1/800. ಆಗ ಏರಿಳಿತದ ಒಂದು ಚೂರು ಮಾತ್ರ ಸಿಗುತ್ತದೆ. ಏರಿದಾಗ ಸಿಕ್ಕರೆ ಬೆಳಕು, ಇಳಿದಾಗ ಸಿಕ್ಕರೆ ಮಂಕು. ಕೆಲವು ದೀಪಗಳು ಇಳಿಯುವಾಗ ಬಣ್ಣವನ್ನೂ ಬದಲಾಯಿಸುತ್ತವೆ. ಹಳದಿ, ಕಂದು ಬರುವುದು ಅಲ್ಲಿಂದ.

ಅರ್ಧ ಫೋಟೋ ಮಾತ್ರ ಮಂಕಾಗುವುದು ಯಾಕೆ? ಇದು ನನಗೆ ಬಹಳ ಇಷ್ಟದ ವಿಷಯ. ಶಟರ್ ಅಂದರೆ ಬಾಗಿಲ ಹಾಗೆ ಒಮ್ಮೆಗೇ ತೆರೆದು ಮುಚ್ಚುವುದಲ್ಲ. ನಾಟಕದ ಪರದೆಗಳ ಹಾಗೆ ಎರಡಿವೆ. ಮೊದಲ ಪರದೆ ಸರಿಯುತ್ತಾ ತೆರೆಯುತ್ತದೆ, ಎರಡನೆಯದು ಅದರ ಬೆನ್ನಿಗೇ ಸರಿಯುತ್ತಾ ಮುಚ್ಚುತ್ತದೆ. ಸ್ಪೀಡ್ ಜಾಸ್ತಿಯಾದರೆ ಎರಡರ ನಡುವೆ ಉಳಿಯುವುದು ಒಂದು ಕಿಂಡಿ ಅಷ್ಟೇ. ಆ ಕಿಂಡಿ ಸೆನ್ಸರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸುಮಾರು 1/250 ಸೆಕೆಂಡ್ ತಗೊಳ್ಳುತ್ತದೆ. ಅಷ್ಟರಲ್ಲಿ ದೀಪ ಏರಿಂದ ಇಳಿಗೆ ಬಂದಿರುತ್ತದೆ. ಹಾಗಾಗಿ ಒಂದೇ ಫೋಟೋದ ಮೇಲ್ಭಾಗ ಒಂದು ಬೆಳಕಿನಲ್ಲಿ, ಕೆಳಭಾಗ ಇನ್ನೊಂದು ಬೆಳಕಿನಲ್ಲಿ.

ಪರಿಹಾರ ಇದೆ. ಈಚಿನ ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲಿಕರ್, ಅಂದರೆ ಈ ಮಿನುಗು, ತಡೆಯುವ ಸೆಟ್ಟಿಂಗ್ ಬರುತ್ತದೆ. ಕ್ಯಾನನ್ 2014ರಲ್ಲಿ 7ಡಿ ಮಾರ್ಕ್ 2ರಲ್ಲಿ ತಂದಿತು, ಆಮೇಲೆ ಬೇರೆಯವರೂ ತಂದರು. ಕ್ಯಾಮೆರಾ ದೀಪದ ಮಿನುಗನ್ನು ಗಮನಿಸಿ, ಅದು ಏರಿದ ಹೊತ್ತಿಗೇ ಶಟರ್ ಬಿಡುತ್ತದೆ. ಒಂದು ಚೂರು ತಡವಾಗಬಹುದು, ಬರ್ಸ್ಟ್ (ಒಂದರ ಹಿಂದೆ ಒಂದು ಹೊಡೆಯುವುದು) ಕೂಡ ಸ್ವಲ್ಪ ನಿಧಾನ. ಆದರೂ ಎಲ್ಲ ಫೋಟೋ ಒಂದೇ ಸಮ ಬರುವ ನೆಮ್ಮದಿ ದೊಡ್ಡದು. ನಿಮ್ಮದರಲ್ಲಿ ಇಲ್ಲದಿದ್ದರೆ ನಾಲ್ಕು ಫೋಟೋ ಹೆಚ್ಚಿಗೆ ತೆಗೆದು ಮಂಕಾದದ್ದನ್ನು ಬಿಟ್ಟುಬಿಡುವುದು, ಅಷ್ಟೇ ದಾರಿ. ಪಂದ್ಯಕ್ಕೆ ಮುಂಚೆ ಬಿಳಿ ಗೋಡೆಗೆ ಹಿಡಿದು ಹತ್ತು ಫೋಟೋ ಸುಮ್ನೆ ಹೊಡೆದು ನೋಡಿ. ದೀಪದ ಗುಣ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ದೊಡ್ಡ ಕ್ರೀಡಾಂಗಣಗಳಲ್ಲಿ ಈ ತೊಂದರೆ ಕಮ್ಮಿ. ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸ್‌ಗೆ ಹಾಕಿದರೆ ಒಂದು ಇಳಿದಾಗ ಇನ್ನೊಂದು ಏರಿರುತ್ತದೆ.

ಮಿರರ್‌ಲೆಸ್ ಕ್ಯಾಮೆರಾ ಇರುವವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುವ ಮುಂಚೆ ಒಮ್ಮೆ ಯೋಚಿಸಿ. ಅದು ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಬಹುಪಾಲು ಕ್ಯಾಮೆರಾಗಳಲ್ಲಿ ಆ ಓದು ಮೆಕ್ಯಾನಿಕಲ್ ಶಟರ್‌ಗಿಂತ ನಿಧಾನ. ಫೋಟೋ ಮೇಲೆ ಪಟ್ಟೆ ಪಟ್ಟೆ ಬರುತ್ತದೆ, ಬೀಸುವ ರಾಕೆಟ್ಟಿನ ಹಿಡಿ ಬಾಗಿದ ಹಾಗೆ ಕಾಣುತ್ತದೆ. ಸೋನಿ 2023ರಲ್ಲಿ ಘೋಷಿಸಿದ ಎ9 3ರಲ್ಲಿ ಇಡೀ ಸೆನ್ಸರ್ ಒಂದೇ ಸಲ ಓದುವ ವ್ಯವಸ್ಥೆ ಇದೆ, ಅಲ್ಲಿ ರಾಕೆಟ್ ಬಾಗುವುದಿಲ್ಲ. ಉಳಿದವರಿಗೆ ಮೆಕ್ಯಾನಿಕಲ್ ಶಟರ್ರೇ ಕ್ಷೇಮ.

ಬಣ್ಣದ ಮಾತು ಬಂತು. ಹಸಿರು ಮ್ಯಾಟು, ಹಳದಿ ದೀಪ, ಕಿಟಕಿಯಿಂದ ಬರುವ ನೀಲಿ ಬೆಳಕು ಸೇರಿದರೆ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗೇ ತೋರಿಸುವ ಕ್ಯಾಮೆರಾ ಲೆಕ್ಕ, ಗಲಿಬಿಲಿಯಾಗುತ್ತದೆ. ಒಂದು ಬಿಳಿ ಕಾಗದವನ್ನು ಕೋರ್ಟ್ ಬೆಳಕಿನಲ್ಲಿ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಇಟ್ಟುಕೊಳ್ಳಿ, ಇಲ್ಲವೇ ರಾ ಫೈಲ್‌ನಲ್ಲಿ (ಸೆನ್ಸರಿಗೆ ಸಿಕ್ಕದ್ದನ್ನು ಹಾಗೇ ಉಳಿಸುವ ಫೈಲ್) ತೆಗೆದು ಆಮೇಲೆ ಸರಿಮಾಡಿ.

ಫೋಕಸ್ ನೆಟ್ ಮೇಲೆ ಕೂರದ ಹಾಗೆ

60 ಸೆಂಟಿಮೀಟರ್ ಅಂದೆನಲ್ಲ. ಆ ಪಟ್ಟಿಯೊಳಗೆ ಓಡುವ ಮಗುವನ್ನು ಇಟ್ಟುಕೊಳ್ಳಬೇಕಾದರೆ ಫೋಕಸ್ ನಿಲ್ಲದೆ ಬೆನ್ನಟ್ಟುತ್ತಲೇ ಇರಬೇಕು. ನಿಕಾನ್, ಸೋನಿಗಳಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ ಅಂತ ಹೆಸರು. ಬಟನ್ ಅರ್ಧ ಒತ್ತಿದಾಗ ಒಮ್ಮೆ ಫೋಕಸ್ ಮಾಡಿ ನಿಂತುಬಿಡುವ ಮೋಡ್ ಇಲ್ಲಿ ಉಪಯೋಗಕ್ಕಿಲ್ಲ.

ನೆಟ್ ಒಂದು ದೊಡ್ಡ ತಲೆನೋವು. ಅದರ ಬಿಳಿ ಪಟ್ಟಿ ಕ್ಯಾಮೆರಾ ಕಣ್ಣಿಗೆ ಬಹಳ ಆಕರ್ಷಕ. ಕಪ್ಪು ಬಿಳುಪಿನ ಗಡಿ ಎಲ್ಲಿ ಸ್ಪಷ್ಟ ಇದೆಯೋ ಅಲ್ಲಿ ಫೋಕಸ್ ಸುಲಭವಾಗಿ ಕೂರುತ್ತದೆ. ಎಲ್ಲ ಫೋಕಸ್ ಪಾಯಿಂಟ್‌ಗಳನ್ನೂ ಕ್ಯಾಮೆರಾಗೇ ಬಿಟ್ಟುಕೊಟ್ಟರೆ ಅದು ನೆಟ್ ಹಿಡಿದು ಕೂರುತ್ತದೆ. ಹಳೇ ಕ್ಯಾಮೆರಾ ಆದರೆ ನಡುವಿನ ಒಂದೇ ಪಾಯಿಂಟ್ ಇಟ್ಟು ಆಟಗಾರರ ಎದೆಯ ಮೇಲೆ ಹಿಡಿಯಿರಿ. ಜರ್ಸಿ ಮೇಲಿನ ಅಕ್ಷರ ಇನ್ನೂ ಒಳ್ಳೆಯದು. ಹೊಸ ಕ್ಯಾಮೆರಾಗಳಲ್ಲಿ ಕಣ್ಣು ಗುರುತಿಸುವ ಫೋಕಸ್ ಇದೆ, ನಂಬಬಹುದು, ಆದರೆ ಆಟಗಾರ ನೆಟ್ ಹಿಂದೆ ಪೂರ್ತಿ ಬಗ್ಗಿದಾಗ ಅದೂ ತಪ್ಪುತ್ತದೆ. ಕೂರುವ ಜಾಗ ಬದಲಾಯಿಸಿದರೆ ಈ ತೊಂದರೆಯೇ ಅರ್ಧ ಹೋಗುತ್ತದೆ. ನೆಟ್ ಕಂಬದ ಸ್ವಲ್ಪ ಆಚೆ, ಆಟಗಾರರು ನೇರ ಕಾಣುವ ಕಡೆ ನೆಲದ ಮೇಲೆ ಕೂತುಬಿಡಿ.

ನೆಲದ ಮೇಲೆ ಕೂರುವುದರಿಂದ ಇನ್ನೊಂದು ಲಾಭ. ಕೆಳಗಿಂದ ನೋಡಿದರೆ ಜಿಗಿತ ಎತ್ತರ ಕಾಣುತ್ತದೆ. ನಿಂತು ತೆಗೆದರೆ ಅದೇ ಜಿಗಿತ ಸಪ್ಪೆ. ಆದರೆ ಮೊದಲು ಸಂಘಟಕರನ್ನು ಕೇಳಿ. ಲೈನ್ ಅಂಪೈರ್‌ಗೆ ಅಡ್ಡ ಬರಬೇಡಿ. ಬಿಳಿ ಅಂಗಿ ಹಾಕಿಕೊಂಡು ಕೋರ್ಟ್ ಹಿಂದೆ ಓಡಾಡಬೇಡಿ. ಬಿಳಿ ಕಾಕ್ ಎದ್ದು ಕಾಣಲಿ ಅಂತಲೇ ಹಿಂದಿನ ಗೋಡೆಗೆ ಕಡು ಬಣ್ಣ ಬಳಿದಿರುತ್ತಾರೆ. ಅಲ್ಲಿ ನಿಮ್ಮ ಬಿಳಿ ಅಂಗಿ ಅಲ್ಲಾಡಿದರೆ ಆ ಕಡೆ ಆಡುವ ಮಗುವಿಗೆ ಕಾಕ್ ತಪ್ಪುತ್ತದೆ. ನಮ್ಮ ಫೋಟೋಗಾಗಿ ಅವರ ಪಾಯಿಂಟ್ ಹೋಗಬಾರದು.

ಓಟದೊಳಗಿನ ನಿಲುವು

ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇದು. ಇದಕ್ಕೆ ದುಡ್ಡೂ ಬೇಡ.

ಪ್ರತಿ ಓಟದೊಳಗೂ ಒಂದು ನಿಲುವು ಇರುತ್ತದೆ. ಸ್ಮ್ಯಾಶ್‌ಗೆ ಜಿಗಿದ ಆಟಗಾರ ಮೇಲೆ ಹೋಗುತ್ತಾ ನಿಧಾನವಾಗುತ್ತಾನೆ, ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತಾನೆ, ಆಮೇಲೆ ಇಳಿಯುತ್ತಾನೆ. ಶಾಲೆಯಲ್ಲಿ ಕಲಿತ ಗುರುತ್ವದ ಲೆಕ್ಕವೇ ಇದು. ತುದಿ ಮುಟ್ಟಿದ ಮೇಲಿನ ಹತ್ತನೇ ಒಂದು ಸೆಕೆಂಡಿನಲ್ಲಿ ಮೈ ಇಳಿಯುವುದು 5 ಸೆಂಟಿಮೀಟರ್ ಮಾತ್ರ. ತುದಿಗೆ ಮುಂಚಿನ ಹತ್ತನೇ ಒಂದು ಸೆಕೆಂಡಿನಲ್ಲೂ ಏರುವುದು ಅಷ್ಟೇ. ಆ ಹೊತ್ತಿಗೆ ಸರಿಯಾಗಿ ಒತ್ತಿದರೆ 1/320ರಲ್ಲೂ ಮುಖ ಸ್ಪಷ್ಟ ಬರುತ್ತದೆ. 1/800ರ ಬದಲು 1/320 ಸಾಕಾಯಿತು ಅಂದರೆ ಎರಡೂವರೆ ಪಟ್ಟು ಬೆಳಕು ಉಳಿತಾಯ. ಕಿಟ್ ಲೆನ್ಸ್ ಬಿಟ್ಟರೆ ಬೇರೆ ಗತಿ ಇಲ್ಲದವರಿಗೆ ಇದು ದೊಡ್ಡ ಉಪಕಾರ.

ಇನ್ನೊಂದು ಸಣ್ಣ ವಿಷಯ ಗಮನಿಸಿ. ಒಳ್ಳೆಯ ಶಟಲ್ ಹಾಲ್‌ಗಳಲ್ಲಿ ದೀಪಗಳನ್ನು ಕೋರ್ಟ್‌ನ ನೆತ್ತಿಗೆ ಹಾಕುವುದಿಲ್ಲ, ಎರಡು ಪಕ್ಕಕ್ಕೆ ಹಾಕುತ್ತಾರೆ. ತಲೆ ಎತ್ತಿದವರಿಗೆ ಕಣ್ಣು ಕುಕ್ಕಬಾರದಲ್ಲ. ಆಟಗಾರ್ತಿ ಬಗ್ಗಿ ಡ್ರಾಪ್ ಎತ್ತುವಾಗ ಮುಖ ನೆರಳಲ್ಲಿರುತ್ತದೆ. ಕಾಕ್ ಮೇಲೆ ಹೋದಾಗ ಗಲ್ಲ ಎತ್ತಿ, ಎಡಗೈ ಕಾಕ್ ಕಡೆ ಚಾಚಿ, ಬಾಯಿ ಸ್ವಲ್ಪ ತೆರೆದು ಕಾಯುತ್ತಾಳೆ. ಆಗ ಪಕ್ಕದ ದೀಪ ಕೆನ್ನೆಗೆ, ಕಣ್ಣಿಗೆ ಬೀಳುತ್ತದೆ. ರಾಕೆಟ್ ಇನ್ನೂ ಬೆನ್ನ ಹಿಂದೆ. ಮೈಯೆಲ್ಲ ಬಿಲ್ಲಿನ ಹಾಗೆ ಎಳೆದಿದೆ, ಆದರೂ ಅರೆಗಳಿಗೆ ಅಲ್ಲಾಡುವುದಿಲ್ಲ. ನನಗೆ ಇಡೀ ಆಟದಲ್ಲಿ ಅತಿ ಇಷ್ಟವಾದ ಗಳಿಗೆ ಇದು. ಹೊಡೆತದ ಫೋಟೋ ಎಲ್ಲರೂ ತೆಗೆಯುತ್ತಾರೆ. ಹೊಡೆತಕ್ಕೆ ಮುಂಚಿನ ಈ ಕಾಯುವಿಕೆಯಲ್ಲೇ ಮಗುವಿನ ಮನಸ್ಸು ಕಾಣುತ್ತದೆ.

ಟೇಬಲ್ ಟೆನಿಸ್‌ನಲ್ಲಿ ಇದೇ ಗಳಿಗೆ ಸರ್ವ್‌ನಲ್ಲಿ ಸಿಗುತ್ತದೆ. ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲೆ ಎಸೆಯಲೇಬೇಕು ಅನ್ನುವುದು ನಿಯಮ. ಚೆಂಡು ತುದಿಯಲ್ಲಿ ನಿಂತಾಗ ಆಟಗಾರನ ಎರಡೂ ಕಣ್ಣು ಅದರ ಮೇಲಿರುತ್ತವೆ. ಚೆಂಡು, ಕಣ್ಣು, ಬ್ಯಾಟು ಮೂರೂ ಒಂದೇ ಫ್ರೇಮ್‌ನಲ್ಲಿ.

ಕಬಡ್ಡಿ ಮಾತ್ರ ಎಲ್ಲಿ ಕೂರಬೇಕು ಅಂತ ಮೊದಲೇ ನಿರ್ಧರಿಸಬೇಕಾದ ಆಟ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ರೈಡರ್‌ಗೆ ಇರುವುದು 30 ಸೆಕೆಂಡ್. ಡಿಫೆಂಡರ್‌ಗಳ ಬೆನ್ನ ಹಿಂದಿನ ಗೆರೆಯ ಮೂಲೆಯಲ್ಲಿ ಕೂತರೆ ರೈಡರ್ ನಿಮ್ಮ ಕಡೆಗೇ ಬರುತ್ತಾನೆ. ಕಣ್ಣಿಗೆ ಕಣ್ಣು ಸಿಗುತ್ತದೆ, ಬೋನಸ್ ಗೆರೆಗೆ ಕಾಲು ಚಾಚುವುದು ಸಿಗುತ್ತದೆ. ನಡು ಹಿಂದೆ ಕೂತರೆ ಏಳು ಜನರ ಬೆನ್ನು ಮಾತ್ರ. ಆದರೆ ಒಮ್ಮೆ ಹಿಡಿದರು ಅಂದರೆ ಅವನು ತಿರುಗಿ ನಡುಗೆರೆ ಕಡೆ ಹಾರುತ್ತಾನೆ, ನಿಮಗೆ ಅವನ ಬೆನ್ನು ಉಳಿಯುತ್ತದೆ. ಆ ಹಾರುವುದು ಬೇಕಾದರೆ ನಡುಗೆರೆಯ ಪಕ್ಕ ಕೂರಬೇಕು. ನೆಲಕ್ಕೆ ಬಿದ್ದ ರೈಡರ್, ಕಾಲಿಗೆ, ಸೊಂಟಕ್ಕೆ ನೇತುಬಿದ್ದ ಮೂವರು, ಗೆರೆಗೆ ನಾಲ್ಕು ಬೆರಳು ದೂರ ಇರುವ ಕೈ. ಅಲ್ಲೂ ಒಂದು ನಿಲುವು ಇದೆ, ಗಮನಿಸಿದ್ದೀರಾ? ಎಳೆತ ಎರಡೂ ಕಡೆ ಸಮವಾದಾಗ ಆ ಇಡೀ ಗುಂಪು ಒಂದು ಕ್ಷಣ ಅಲ್ಲಾಡುವುದೇ ಇಲ್ಲ. ಎರಡು ಜಾಗದಲ್ಲೂ ಒಟ್ಟಿಗೆ ಕೂರಲಾಗದು. ನಾನು ಮೊದಲ ಅರ್ಧ ಮೂಲೆಯಲ್ಲಿ, ಎರಡನೇ ಅರ್ಧ ನಡುಗೆರೆಯ ಪಕ್ಕ ಕೂರುತ್ತೇನೆ. ಕೊನೆಗೆ ಅಂಕ ಹತ್ತಿರ ಇದ್ದಾಗ ಆ ಗೆರೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಆ ಗಳಿಗೆ ಬರುತ್ತಿದೆ ಅಂತ ಗೊತ್ತಾಗುವುದು ಹೇಗೆ? ಆಟ ನೋಡಿ ನೋಡಿಯೇ. ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಯಿತು. ಕಂಡು, ತಲೆಗೆ ಹೋಗಿ, ಬೆರಳಿಗೆ ಬರುವಷ್ಟರಲ್ಲಿ ಐದನೇ ಒಂದು ಸೆಕೆಂಡ್ ಹೋಗಿರುತ್ತದೆ. ಜಿಗಿತದ ತುದಿ ಮುಗಿದೇ ಹೋಗಿರುತ್ತದೆ. ಅವಳು ಮೊಣಕಾಲು ಬಗ್ಗಿಸಿದಾಗಲೇ ಬೆರಳು ಇಳಿಯಬೇಕು. ಮೂರು ನಾಲ್ಕು ಫೋಟೋದ ಸಣ್ಣ ಬರ್ಸ್ಟ್ ಸಾಕು. ಬಟನ್ ಒತ್ತಿ ಹಿಡಿದು ಮೂವತ್ತು ಹೊಡೆದರೆ ಮೆಮೊರಿಗೆ ಬರೆಯುತ್ತಾ ಕ್ಯಾಮೆರಾ ಕೈಕೊಡುತ್ತದೆ, ಅದೂ ಒಳ್ಳೆಯ ರ‍್ಯಾಲಿ ನಡೆಯುವಾಗಲೇ. ಆಡಿ ಗೊತ್ತಿರುವ ಆಟವನ್ನೇ ಮೊದಲು ಆರಿಸಿಕೊಳ್ಳಿ. ಒಂದು ಸೆಟ್ ಪೂರ್ತಿ ಕ್ಯಾಮೆರಾ ಕೆಳಗಿಟ್ಟು ನೋಡಿ. ಈ ಹುಡುಗಿ ಬ್ಯಾಕ್‌ಹ್ಯಾಂಡ್ ಮೂಲೆಗೆ ಓಡಿದರೆ ಜಿಗಿಯುತ್ತಾಳೆ, ಆ ಹುಡುಗ ಪಾಯಿಂಟ್ ಗೆದ್ದಾಗ ಅಪ್ಪ ಕೂತ ಕಡೆ ತಿರುಗುತ್ತಾನೆ. ಇಂಥದ್ದು ಎರಡು ಮೂರು ಸಿಕ್ಕರೆ ಎರಡನೇ ಸೆಟ್‌ನಲ್ಲಿ ಕೈ ತಾನಾಗಿ ಹೋಗುತ್ತದೆ.

ಪಂದ್ಯ ಮುಗಿದ ಕೂಡಲೇ ಕ್ಯಾಮೆರಾ ಬ್ಯಾಗಿಗೆ ಹಾಕಬೇಡಿ. ಇಬ್ಬರೂ ನೆಟ್ ಹತ್ತಿರ ಬಂದು ಕೈ ಕುಲುಕುತ್ತಾರೆ. ಗೆದ್ದವಳು ನಗು ತಡೆಯುತ್ತಿರುತ್ತಾಳೆ, ಸೋತವಳು ನೆಲ ನೋಡುತ್ತಿರುತ್ತಾಳೆ. ಆಮೇಲೆ ಕೋಚ್ ಹತ್ತಿರ ಹೋಗಿ ನೀರು ಕುಡಿಯುವುದು, ಟವೆಲ್‌ನಲ್ಲಿ ಮುಖ ಮುಚ್ಚಿಕೊಳ್ಳುವುದು, ಹರಿದ ಕಾಕ್‌ನ ಗರಿ ಸವರುತ್ತಾ ಕೂರುವುದು. ಅಲ್ಲಿ ಓಟವಿಲ್ಲ, ಹಾಗಾಗಿ ಶಟರ್ 1/200ಕ್ಕೆ ಇಳಿಸಿ ಐಎಸ್‌ಒ ಕೂಡ ಇಳಿಸಬಹುದು. ಬಣ್ಣ, ಚರ್ಮ ಎಲ್ಲ ನುಣುಪಾಗಿ ಬರುತ್ತದೆ. ಬೇರೆಯವರ ಮಕ್ಕಳಾದರೆ ಎಲ್ಲಾದರೂ ಹಾಕುವ ಮುಂಚೆ ಅಪ್ಪ ಅಮ್ಮನನ್ನು ಕೇಳಿ. ಅಕ್ಕನ ಮಗಳು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿರುವುದು ಸ್ಮ್ಯಾಶ್ ಫೋಟೋ ಅಲ್ಲ. ಸೆಮಿಫೈನಲ್ ಸೋತ ದಿನ, ಎದುರಾಳಿ ಹುಡುಗಿ ಅವಳ ಹೆಗಲ ಮೇಲೆ ಕೈ ಹಾಕಿದ ಫೋಟೋ. ತೆಗೆದದ್ದು ಎಫ್ 2, 1/200, ಐಎಸ್‌ಒ 1000. ಮುಂದಿನ ಪಂದ್ಯಕ್ಕೆ ಕರೆಯುವ ಮುಂಚೆ ಡಯಲ್ ಮತ್ತೆ 1/640ಕ್ಕೆ, ಐಎಸ್‌ಒ 3200ಕ್ಕೆ ತಿರುಗಿಸಿಟ್ಟುಕೊಳ್ಳಿ.